ಅರ್ಧ ಲೀಟರಿನ ಗೆರೆ

“ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ,” ಎಂದು ಸಾಹೇಬರು ಬಗ್ಗಿಸಿದ್ದ ಬೆನ್ನನ್ನು ನೆಟ್ಟಗೆ ಮಾಡಿದರು. ಹಾಗೆ ಹೇಳುವಾಗ ಅವರ ಮುಖದಲ್ಲಿ ಸಂತೋಷವೇನೂ ಇರಲಿಲ್ಲ.

ಊಟದ ಮೇಜಿನ ಮೇಲೆ ಜರ್ಮನಿಯ ಎರಡು ಲೀಟರಿನ ಮಣ್ಣಿನ ಹೂಜಿ ಇತ್ತು. ಅದರ ಪಕ್ಕದಲ್ಲಿ ಗೆರೆ ಕೊರೆದ ಅರ್ಧ ಲೀಟರಿನ ಗಾಜಿನ ಅಳತೆ ಪಾತ್ರೆ. ಹೂಜಿಯ ಕುತ್ತಿಗೆಯಲ್ಲಿದ್ದ ಗೆರೆಯವರೆಗೆ ನೀರು ತುಂಬಿ, ಅದನ್ನು ನಾಲ್ಕು ಸಲ ಗಾಜಿಗೆ ಸುರಿದು, ನಾಲ್ಕು ಸಲವೂ ಕಣ್ಣನ್ನು ನೀರಿನ ಮಟ್ಟಕ್ಕೆ ಇಳಿಸಿ ನೋಡಿದ್ದರು. ಅವರ ಹೆಂಡತಿ ಎರಡು ತಟ್ಟೆ ಹಿಡಿದುಕೊಂಡು, ಅವನ್ನು ಎಲ್ಲಿಡುವುದೆಂದು ಜಾಗ ಹುಡುಕುತ್ತಿದ್ದರು.

“ಸರಿ ಇದ್ರೆ ತೆಗೀರಿ ಮತ್ತೆ. ಸೂಪು ಆರಿಹೋಗ್ತಿದೆ.”

“ಎಲ್ಲಾ ಸರಿ ಇದೆ. ಅದೇ ನನಗೆ ಅನುಮಾನ.”

“ತಪ್ಪಿದ್ರೂ ಅನುಮಾನ, ಸರಿ ಇದ್ರೂ ಅನುಮಾನ. ಕಟ್ಕೊಂಡು ಮೂವತ್ತೆಂಟು ವರ್ಷ ಆಯ್ತು. ನನ್ನ ಮೇಲೆ ಯಾವಾಗ ಬರುತ್ತೆ?”

“ಸದ್ಯಕ್ಕಿಲ್ಲ,” ಎಂದರು ಸಾಹೇಬರು, ತಮಾಷೆಯ ಸುಳಿವೇ ಇಲ್ಲದೆ.

ಅಳತೆ ಮತ್ತು ತೂಕದ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಇನ್ಸ್‌ಪೆಕ್ಟರಾಗಿದ್ದವರು ಅವರು. ಎದುರಿಗೆ ಸಾಹೇಬರು ಅನ್ನುತ್ತಿದ್ದ ಅಂಗಡಿಯವರು ಬೆನ್ನ ಹಿಂದೆ ತಕ್ಕಡಿ ಅನ್ನುತ್ತಿದ್ದರು. ಬೀದಿಯ ತುದಿಯಲ್ಲಿ ಅವರ ಸೈಕಲ್ಲು ಕಂಡರೆ ಸಾಕು, ತರಕಾರಿಯವರ ಕಲ್ಲುಗಳು ತಾವೇ ತೂಕ ಹೆಚ್ಚಿಸಿಕೊಳ್ಳುತ್ತವೆ ಎಂದು ಮಾರುಕಟ್ಟೆಯಲ್ಲಿ ಮಾತಿತ್ತು. ಲಂಚ ಮುಟ್ಟಲಿಲ್ಲ, ಯಾರನ್ನೂ ಬಿಡಲಿಲ್ಲ. ಅಂಗಡಿಯವನು ನಗುನಗುತ್ತ ಮಾತಾಡಿಸಿದರೆ ತಕ್ಕಡಿಯ ತಟ್ಟೆಯ ಅಡಿಗೆ ಬೆರಳಾಡಿಸಿ ಮೇಣ ಅಂಟಿಸಿದ್ದಾನೋ ಎಂದು ನೋಡುತ್ತಿದ್ದರು. ಬಹಳ ಸಲ ಅಂಟಿಸಿಯೇ ಇರುತ್ತಿದ್ದನು.

ಹೂಜಿಗಳ ಹುಚ್ಚು ಹಿಡಿದದ್ದು ನಿವೃತ್ತಿಯ ವಾರದಲ್ಲಿ. ಆಫೀಸಿನ ಉಗ್ರಾಣದಲ್ಲಿ ವರ್ಷಗಟ್ಟಲೆಯಿಂದ ಬಿದ್ದಿದ್ದ ಜಪ್ತಿ ಸಾಮಾನುಗಳನ್ನು ಹರಾಜು ಹಾಕಿದರು. ತುಕ್ಕು ಹಿಡಿದ ತೂಕದ ಬಟ್ಟುಗಳು, ತಳ ಒತ್ತಿದ ಡಬ್ಬಗಳು. ಅವುಗಳ ನಡುವೆ ಅರ್ಧ ಲೀಟರಿನ ಒಂದು ಬೂದು ಬಣ್ಣದ ಹೂಜಿ. ಹಿಡಿಗೆ ಕಟ್ಟಿದ್ದ ಚೀಟಿ ಉದುರಿಹೋಗಿ ದಾರ ಮಾತ್ರ ಉಳಿದಿತ್ತು. ಯಾರೂ ಕೂಗಲಿಲ್ಲ. ಸಾಹೇಬರು ಒಂದೇ ಮಾತಿಗೆ ಕೊಂಡು ತಂದರು. ತೊಳೆದರೆ ಒಳಗಿಂದ ಬೇರೆಯೇ ವಸ್ತು ಹೊರಬಂತು. ಮೈ ಮೇಲೆ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿ, ಹೊಟ್ಟೆಯ ಮೇಲೆ ಹಿಂದಿರುಗಿ ನೋಡುವ ನೀಲಿ ಹಕ್ಕಿ, ಹೆಬ್ಬೆರಳಿನಿಂದ ಒತ್ತಿದರೆ ಎದ್ದು ನಿಲ್ಲುವ ತವರದ ಮುಚ್ಚಳ. ಕುತ್ತಿಗೆಯಲ್ಲಿ, ಮಣ್ಣು ಹಸಿಯಿದ್ದಾಗಲೇ ಕುಂಬಾರ ಗೀರಿದ ಒಂದು ಅಡ್ಡಗೆರೆ. ಅದರ ಪಕ್ಕದಲ್ಲಿ ‘ಅರ್ಧ’ ಎಂದು ಅಂಕಿಯಲ್ಲಿ. ಅಂದೇ ಅಳೆದು ನೋಡಿದರು. ನೂರು ವರ್ಷದ ಹಿಂದೆ, ಬೆಂಕಿಯಲ್ಲಿ ಮಣ್ಣು ಎಷ್ಟು ಕುಗ್ಗುತ್ತದೆ ಎಂದು ಲೆಕ್ಕ ಹಾಕಿ ಎಳೆದಿದ್ದ ಆ ಗೆರೆ ಕರಾರುವಾಕ್ಕಾಗಿತ್ತು. ಜೀವಮಾನವೆಲ್ಲ ಮೋಸದ ಅಳತೆಗಳನ್ನೇ ಕಂಡ ಮನುಷ್ಯ ಒಂದು ಸಾಚಾ ಗೆರೆಗೆ ಮರುಳಾದರು.

ಅಲ್ಲಿಂದ ಮುಂದೆ ಆರು ವರ್ಷದಲ್ಲಿ ಹತ್ತೊಂಬತ್ತು ಹೂಜಿಗಳು ಮನೆ ಸೇರಿದವು. ಗಡ್ಡದ ಮುಖವಿದ್ದ ಕಂದು ಹೂಜಿ, ಬೇಟೆಯ ನಾಯಿಗಳು ಸುತ್ತಲೂ ಓಡುವ ಬಿಳಿ ಹೂಜಿ, ಮೂತಿ ಸ್ವಲ್ಪ ಮುಕ್ಕಾಗಿದ್ದ ದಪ್ಪ ಹೊಟ್ಟೆಯದು. ಕಪಾಟಿನಲ್ಲಿ ಇಡಲು ಅವರು ಒಪ್ಪಲಿಲ್ಲ. ಹೂಜಿ ಇರಬೇಕಾದ್ದು ಊಟದ ಮೇಜಿನ ಮೇಲೆ ಎಂದರು. ಗಂಡಹೆಂಡತಿ ಒಂದು ಮೂಲೆಯಲ್ಲಿ ಮೊಣಕೈ ಮೊಣಕೈ ತಾಗಿಸಿಕೊಂಡು ಊಟ ಮಾಡುತ್ತಿದ್ದರು. ಪ್ರತಿ ಹೂಜಿಯ ಅಡಿಯಲ್ಲಿ ಒಂದು ಕಾರ್ಡು. ಎಷ್ಟು ಹಳೆಯದು, ಗೆರೆ ಎಷ್ಟಕ್ಕೆ, ಅಳೆದಾಗ ಎಷ್ಟು ಬಂತು, ತಾರೀಖು, ಸಹಿ.

ಈಗ ಐದು ತಿಂಗಳಿಂದ ಒಂದು ವಿಚಿತ್ರ ಶುರುವಾಗಿತ್ತು. ಆ ಮೊದಲ ಹೂಜಿಯ ಒಡಹುಟ್ಟಿದವುಗಳು ಒಂದೊಂದಾಗಿ ಬರತೊಡಗಿದ್ದವು. ಮೊದಲು ಕಾಲು ಲೀಟರು, ಆಮೇಲೆ ಒಂದು ಲೀಟರು, ಈಗ ಎರಡು. ಅದೇ ನೀಲಿ ಹಕ್ಕಿ, ಬುಡದಲ್ಲಿ ಅದೇ ಕುಂಬಾರನ ಒತ್ತುಗುರುತು. ಮೂರೂ ಒಬ್ಬನೇ ಹಳೇ ಸಾಮಾನಿನ ಅಂಗಡಿಯವನ ಕೈಯಿಂದ. ಮುರಿದ ಕುರ್ಚಿಗೂ ಮೂರು ಕಥೆ ಕಟ್ಟಿ ಹೇಳುವ ಆ ಮನುಷ್ಯ ಈ ಹೂಜಿಗಳಿಗೆ ಮಾತ್ರ ಒಂದು ಕಥೆಯನ್ನೂ ಹೇಳಲಿಲ್ಲ. ಹೊರಗಿಟ್ಟು ತೋರಿಸಲಿಲ್ಲ, ಮೇಜಿನ ಅಡಿಯಿಂದ ತೆಗೆದುಕೊಟ್ಟ. ಚೌಕಾಸಿಯಂತೂ ಇಲ್ಲವೇ ಇಲ್ಲ. ಹಳೇ ಸಾಮಾನೆಂದರೆ ಧೂಳಿರಬೇಕು. ಇವುಗಳಿಗೆ ಸೋಪಿನ ವಾಸನೆ, ಮುಚ್ಚಳದ ಕೀಲಿಗೆ ಹೊಸ ಎಣ್ಣೆ. ಎಲ್ಲಕ್ಕಿಂತ ಹೆಚ್ಚಾಗಿ, ಮರುವಾರ ಸಿಕ್ಕಾಗ ಅವನು ಕೇಳುತ್ತಿದ್ದ: “ಅಳತೆ ಸರಿ ಬಂತಾ ಸಾರ್?”

ಇಷ್ಟು ವರ್ಷ ಅವನು ಒಮ್ಮೆಯೂ ಅಳತೆಯ ಮಾತೆತ್ತಿರಲಿಲ್ಲ. ನಿಂತ ಗಡಿಯಾರವನ್ನು ‘ದಿನಕ್ಕೆ ಎರಡು ಸಲ ಸರಿ ಟೈಮ್ ತೋರಿಸುತ್ತೆ’ ಎಂದು ಮಾರುವವನಿಗೆ ಅಳತೆ ಯಾಕೆ?

“ಕದ್ದ ಮಾಲಿರಬೇಕು,” ಎಂದರು ಸಾಹೇಬರು ಸೂಪಿಗೆ ಚಮಚ ಅದ್ದುತ್ತ. “ಇಲ್ಲಾ, ಮೀನಿಗೆ ಹುಳ ಎಸೆದ ಹಾಗೆ ಎಸೀತಿದ್ದಾನೆ. ಗಾಳ ಎಲ್ಲಿದೆ ಅಂತ ಗೊತ್ತಾಗ್ತಿಲ್ಲ.”

“ಗಾಳಾನೂ ಇಲ್ಲ, ಗೀಳಾನೂ ಇಲ್ಲ. ಊಟ ಮಾಡಿ. ಇನ್ನೊಂದು ಬಂದ್ರೆ ಐದೂ ಸೇರ್ತವಲ್ಲ, ಆಮೇಲೆ ನಿಮಗೂ ನೆಮ್ಮದಿ, ನನಗೂ ನೆಮ್ಮದಿ.”

ಸಾಹೇಬರ ಚಮಚ ಅರ್ಧ ದಾರಿಯಲ್ಲಿ ನಿಂತಿತು.

“ಐದು ಅಂತ ನಿನಗೆ ಯಾರು ಹೇಳಿದ್ರು?”

ಹೆಂಡತಿ ಬ್ರೆಡ್ಡು ಮುರಿಯುತ್ತಿದ್ದರು. ಆ ತುಂಡನ್ನು ಇನ್ನೂ ಎರಡು ಮಾಡಿದರು. “ಹಾಗೇ ಅಂದೆಪ್ಪ. ಬಾಯಿಗೆ ಬಂತು.”

“ಆರು ಅಂತ ಬರಲಿಲ್ಲ, ಏಳು ಅಂತ ಬರಲಿಲ್ಲ.”

“ಕೈಗೆ ಐದು ಬೆರಳಿಲ್ವಾ? ಹಾಗೆ,” ಎಂದು ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ತಟ್ಟೆಯಲ್ಲಿ ಸೂಪು ಇನ್ನೂ ಉಳಿದಿತ್ತು.

ಸಾಹೇಬರು ಮತ್ತೆ ಕೇಳಲಿಲ್ಲ. ಕೇಳಿದರೆ ಸಾಕ್ಷಿ ಎಚ್ಚರವಾಗುತ್ತದೆ ಎಂಬುದು ಅವರ ಅನುಭವ. ಆ ಮಧ್ಯಾಹ್ನವೆಲ್ಲ ಪೇಪರು ಮುಂದೆ ಹಿಡಿದು ಕಿವಿಯನ್ನು ಅಡುಗೆಮನೆಯ ಕಡೆಗಿಟ್ಟಿದ್ದರು. ಹೆಂಡತಿ ಫೋನು ತೆಗೆದುಕೊಂಡು ಹಿತ್ತಲಿಗೆ ಹೋದದ್ದು, ತಗ್ಗಿದ ದನಿಯಲ್ಲಿ “ಸ್ವಲ್ಪ ದಿನ ಬೇಡ” ಎಂದದ್ದು ಕೇಳಿಸಿತು. ಮೂವತ್ತೆಂಟು ವರ್ಷದಲ್ಲಿ ಅವರು ಹಿತ್ತಲಿಗೆ ಹೋಗಿ ಫೋನಿನಲ್ಲಿ ಮಾತಾಡಿದ್ದು ಇದೇ ಮೊದಲು. ಪರರ ಮೇಲಿನ ಅನುಮಾನ ಅವರಿಗೆ ಕಸುಬು. ಮನೆಯವರ ಮೇಲಿನದು ಹೀಗೆ ನೋಯುತ್ತದೆ ಎಂದು ಗೊತ್ತಿರಲಿಲ್ಲ.

ಹೂಜಿ ಸುತ್ತಿ ತಂದಿದ್ದ ಹಳೇ ಟವೆಲ್ಲು ಕುರ್ಚಿಯ ಮೇಲೆ ಬಿದ್ದಿತ್ತು. ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಮೂಲೆಯಲ್ಲಿ ಅಳಿಸಲಾಗದ ಶಾಯಿಯಲ್ಲಿ ಸಣ್ಣದೊಂದು ಗುರುತು: ವೃತ್ತದೊಳಗೆ ಒಂದು ಅಕ್ಷರ, ಕೆಳಗೆ ನಂಬರು. ಲಾಂಡ್ರಿಯ ಗುರುತು. ಗುರುತು, ಮುದ್ರೆ, ಸೀಲು ಇವುಗಳನ್ನು ಓದಿಯೇ ಅವರು ಅನ್ನ ತಿಂದದ್ದು.

ಮರುದಿನ ಬೆಳಿಗ್ಗೆ ಮೂರು ಲಾಂಡ್ರಿಗಳಲ್ಲಿ ವಿಚಾರಿಸಿದರು. ನಾಲ್ಕನೆಯದು ರೈಲ್ವೆ ಸೇತುವೆಯ ಹಿಂದಿನ ಗಲ್ಲಿಯಲ್ಲಿತ್ತು. ಒಳಗೆ ಹಬೆ, ಬಿಸಿ ಬಟ್ಟೆಯ ವಾಸನೆ, ಕಂಬಿಗೆ ತೂಗುಹಾಕಿದ ಅಂಗಿಗಳ ಸಾಲು. ನಲವತ್ತು ದಾಟಿದ ಹೆಂಗಸೊಬ್ಬಳು ಬಿಳಿ ಚಾದರವನ್ನು ಇಸ್ತ್ರಿ ಮಾಡುತ್ತಿದ್ದಳು. ಸಾಹೇಬರು ಹಳೆಯ ಪದ್ಧತಿಯಂತೆ ತಮ್ಮ ಪರಿಚಯ ಹೇಳದೆ ಟವೆಲ್ಲನ್ನು ಕಟ್ಟೆಯ ಮೇಲೆ ಬಿಡಿಸಿಟ್ಟರು.

“ಇದು ನಿಮ್ಮ ಗುರುತಾ?”

ಅವಳು ಟವೆಲ್ಲನ್ನು ನೋಡಿದಳು, ಅವರ ಮುಖವನ್ನು ನೋಡಿದಳು. ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು.

“ಕಂಡುಹಿಡಿದ್ರಾ? ಐದನೇದು ಬಂದ ಮೇಲೆ ಬರ್ತೀರಿ ಅಂದ್ಕೊಂಡಿದ್ದೆ.”

“ಕದ್ದ ಮಾಲು ಕೊಳ್ಳೋದೂ ಅಪರಾಧ. ಅದು ನಿಮಗೆ ಗೊತ್ತಿರಬೇಕು.”

“ನಾಲ್ಕು ನಮ್ಮಪ್ಪಂದು ಸಾರ್. ಯಾವುದೋ ಕಾರ್ಖಾನೆ ಕಟ್ಟಿಸೋಕೆ ಬಂದಿದ್ದ ಜರ್ಮನ್ ಎಂಜಿನಿಯರು ಊರು ಬಿಡುವಾಗ ಅಪ್ಪನಿಗೆ ಐದೂ ಕೊಟ್ಟು ಹೋದ್ರಂತೆ. ದಿನಾ ಅವರ ಮನೆಗೆ ಹಾಲು ಕೊಡ್ತಿದ್ದದ್ದು ಅಪ್ಪ. ಕದ್ದದ್ದು ಅಂತ ಇದ್ರೆ ಒಂದೇ, ಅರ್ಧ ಲೀಟರಿಂದು. ಅದು ನಿಮ್ಮ ಊಟದ ಮೇಜಿನ ಮೇಲಿದೆ.”

“ಅದನ್ನ ನಾನು ಹರಾಜಲ್ಲಿ ತಗೊಂಡೆ. ರಸೀದಿ ಇದೆ.”

“ಇರುತ್ತೆ,” ಎಂದಳು ಅವಳು. “ನಿಮ್ಮ ಹತ್ರ ರಸೀದಿ ಯಾವಾಗ್ಲೂ ಇರುತ್ತೆ.”

ಚಾದರವನ್ನು ಮಡಿಸುತ್ತಲೇ ಅವಳು ಹೇಳಿದಳು. ಇಪ್ಪತ್ತಾರು ವರ್ಷದ ಹಿಂದೆ ಮಾರುಕಟ್ಟೆಯ ಮೂಲೆಯಲ್ಲಿ ಅವಳ ಅಪ್ಪನ ಹಾಲಿನ ಅಂಗಡಿ ಇತ್ತು. ಒಂದು ದಿನ ಬೆಳಿಗ್ಗೆ ಜನ ಸಾಲಾಗಿ ನಿಂತಿದ್ದಾಗ ಸಾಹೇಬರು ಸೈಕಲ್ಲು ನಿಲ್ಲಿಸಿದರು. ಅಪ್ಪನ ಕೈಯಲ್ಲಿದ್ದ ಅರ್ಧ ಲೀಟರಿನ ಹೂಜಿಗೆ ಇಲಾಖೆಯ ಮುದ್ರೆ ಇರಲಿಲ್ಲ. ಹೊರದೇಶದ ಮಣ್ಣಿನ ಪಾತ್ರೆಗೆ ಮುದ್ರೆ ಎಲ್ಲಿಂದ ಬರಬೇಕು? ಅದನ್ನು ಜಪ್ತಿ ಮಾಡಿದರು. ಅಪ್ಪ ಕಟ್ಟೆಯಿಂದ ಇಳಿದು ಬಂದು, “ಒಂದ್ಸಲ ಅಳೆದಾದ್ರೂ ನೋಡಿ ಸಾಹೇಬ್ರೇ, ಇವರೆಲ್ಲರ ಎದುರಿಗೆ ಅಳೀರಿ,” ಎಂದು ಕೈ ಮುಗಿದರು.

“ನೀವೇನಂದ್ರಿ ಗೊತ್ತಾ?”

ಸಾಹೇಬರಿಗೆ ಆ ಮುಖ ನೆನಪಿಗೆ ಬರಲಿಲ್ಲ. ಆದರೆ ಮಾತು ಗೊತ್ತಿತ್ತು. ಅಂಥ ಮಾತನ್ನು ನೂರು ಸಲ ಆಡಿದ್ದರು. “ಮುದ್ರೆ ಇಲ್ಲದ್ದನ್ನ ಅಳೆಯೋದು ನನ್ನ ಕೆಲಸ ಅಲ್ಲ,” ಎಂದರು.

“ಹ್ಞಾಂ. ಹಾಗೇ ಅಂದ್ರಿ.”

“ರೂಲು ಹಾಗಿತ್ತಮ್ಮ.”

“ಇರಬಹುದು. ದಂಡ ಸಣ್ಣದೇ, ಕಟ್ಟಿದ್ರು. ಆದ್ರೆ ಸಾಲಲ್ಲಿ ನಿಂತಿದ್ದವರು ಏನು ನೋಡಿದ್ರು? ಇನ್ಸ್‌ಪೆಕ್ಟರು ಹಾಲಿನವನ ಅಳತೆ ಕಿತ್ಕೊಂಡು ಹೋದ್ರು. ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಹೆಸರಿಟ್ಟಾಯ್ತು, ಕಾಲುಕಮ್ಮಿ ಅಂತ. ನಾನು ಹೈಸ್ಕೂಲಲ್ಲಿದ್ದೆ. ಕಾಲುಕಮ್ಮಿ ಮಗಳು ಬಂದ್ಲು ಅಂತಿದ್ರು. ವರ್ಷ ತುಂಬೋದ್ರೊಳಗೆ ಅಂಗಡಿ ಮುಚ್ಚಿದ್ವಿ.”

ಹಬೆ ಬಿಡುವ ಕೊಳವೆಯೊಂದು ಬುಸ್ ಎಂದಿತು. ಸಾಹೇಬರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಅವರ ತಲೆ ಇನ್ನೂ ಹಳೆಯ ದಾರಿಯಲ್ಲೇ ಓಡುತ್ತಿತ್ತು: ಇಷ್ಟು ವರ್ಷ ಬಿಟ್ಟು ಈಗ ಯಾಕೆ? ದೂರು ಕೊಡುತ್ತಾರೆಯೇ? ಹರಾಜಿನ ಮೇಲೆ ತಕರಾರೇ?

“ಈಗ ನಿಮಗೆ ಏನು ಬೇಕು?”

“ನನಗೇನೂ ಬೇಡ. ನೀವು ಪ್ರತಿ ಹೂಜಿನೂ ಅಳೆದು ಕಾರ್ಡು ಬರೀತೀರಿ ಅಂತ ಹಳೇ ಸಾಮಾನಿನ ಅಂಗಡಿಯವರು ಒಂದು ದಿನ ಮಾತಿಗೆ ಹೇಳಿದ್ರು. ಅಪ್ಪ ಕೇಳಿಸ್ಕೊಂಡ್ರು. ಅವತ್ತಿಂದ ಒಂದೇ ಜಪ, ಅವರ ಕೈಲೇ ಅಳೆಸಬೇಕು ಅಂತ. ನಾನು ನಿಮ್ಮನೆಗೆ ಬಂದೆ. ನೀವಿರಲಿಲ್ಲ. ನಿಮ್ಮ ಮನೆಯವರು ಇದ್ರು. ಎಲ್ಲಾ ಕೇಳಿದ್ರು. ‘ಅಳೀರಿ ಅಂತ ಕೇಳಿದ್ರೆ ಅವರು ಅಳೆಯಲ್ಲ ಮಗಳೇ, ಅದರ ಹಿಂದೆ ಏನಿದೆ ಅಂತ ಹುಡುಕ್ತಾ ಹೋಗ್ತಾರೆ. ಅವರಾಗೇ ಅಳೀಲಿ,’ ಅಂದ್ರು. ಅದಕ್ಕೇ ಒಂದೊಂದಾಗಿ ಅಂಗಡಿಯವರ ಕೈಲಿ ಕಳಿಸಿದ್ವಿ.” ಅವಳು ಚಾದರದ ಮೇಲೆ ಅಂಗೈ ಆಡಿಸಿ ಸುಕ್ಕು ತೆಗೆದಳು. “ಕಾಲು ಲೀಟರ್ ಸರಿ ಬಂತು ಅಂತ ಅಂಗಡಿಯವರು ಬಂದು ಹೇಳಿದ ದಿನ ಅಪ್ಪ ಒಬ್ಬರೇ ಸೇತುವೆ ತನಕ ನಡೆದು ಬಂದ್ರು. ಎಷ್ಟೋ ತಿಂಗಳಾಗಿತ್ತು ಹೊರಗೆ ಹೋಗಿ. ಆದ್ರೆ ಅವರು ಕಾಯ್ತಿರೋದು ಅರ್ಧ ಲೀಟರಿಂದಕ್ಕೆ. ಅದರ ಬಗ್ಗೆ ನಿಮ್ಮನ್ನ ಯಾರು ಕೇಳೋದು?”

ಒಳಗಿನ ಕೋಣೆಯಿಂದ ಯಾರೋ ಕೆಮ್ಮಿದರು. ಸಾಹೇಬರು ಆ ಬಾಗಿಲನ್ನು ನೋಡಿದರು. ಆದರೆ ಅತ್ತ ಹೋಗಲಿಲ್ಲ.

ಮನೆಗೆ ಬಂದಾಗ ಹೆಂಡತಿ ಹೂಜಿಗಳ ನಡುವಿನ ಧೂಳು ಒರೆಸುತ್ತಿದ್ದರು. ಗಂಡನ ಮುಖ ನೋಡಿ ಬಟ್ಟೆಯನ್ನು ಕೆಳಗಿಟ್ಟರು.

“ಐದು ತಿಂಗಳು ಮುಚ್ಚಿಟ್ಟೆ.”

“ಮುಚ್ಚಿಟ್ಟೆ.”

“ನನ್ನ ಹತ್ರ. ಈ ಮೇಜಿನ ಮೇಲೆ, ದಿನಾ ಎದುರು ಕೂತು.”

“ಮೊದಲ ದಿನವೇ ಹೇಳಿದ್ದಿದ್ರೆ ಏನು ಮಾಡ್ತಿದ್ರಿ? ನಿಜ ಹೇಳಿ.”

ಸಾಹೇಬರು ಕುರ್ಚಿಯ ಬೆನ್ನು ಹಿಡಿದು ನಿಂತರು. ಸುಳ್ಳು ಹೇಳಿ ಅವರಿಗೆ ರೂಢಿ ಇರಲಿಲ್ಲ. “ಹಳೇ ಫೈಲು ತೆಗೆಸ್ತಿದ್ದೆ,” ಎಂದರು. “ಅವರು ಹೇಳಿದ್ದು ಹೌದೋ ಅಲ್ವೋ ನೋಡ್ತಿದ್ದೆ.”

“ಅದಕ್ಕೇ ಹೇಳಲಿಲ್ಲ.”

ಸಾಹೇಬರು ಅರ್ಧ ಲೀಟರಿನ ಹೂಜಿಯನ್ನು ಎತ್ತಿದರು. ಅಡಿಯಲ್ಲಿದ್ದ ಕಾರ್ಡು ಹಳದಿಯಾಗಿತ್ತು. ತಮ್ಮದೇ ಅಕ್ಷರ, ಆರು ವರ್ಷದ ಹಿಂದಿನ ತಾರೀಖು. ‘ಅಳತೆ ಕರಾರುವಾಕ್ಕಾಗಿದೆ.’ ಕೆಳಗೆ ಸಹಿ, ಸಹಿಯ ಕೆಳಗೆ ಎಂದಿನಂತೆ ಎರಡು ಗೆರೆ. ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಚೀಲ ಕೇಳಿದರು. ಹೆಂಡತಿ ಚೀಲ ತಂದು, ಹೂಜಿಗೂ ಅಳತೆಯ ಗಾಜಿಗೂ ನಡುವೆ ತಾಗದಂತೆ ಒಂದು ಶಾಲು ಮಡಿಸಿಟ್ಟರು. “ನಾನೂ ಬರಲಾ?” ಎಂದರು. ಸಾಹೇಬರು ಬೇಡವೆಂದು ತಲೆಯಾಡಿಸಿದರು.

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು, ಎರಡು ಕುರ್ಚಿ, ಬಟ್ಟೆಯ ಗಂಟುಗಳು. ಮುದುಕರು ಕಿಟಕಿಯ ಹತ್ತಿರ ಕೂತಿದ್ದರು. ಎಂಬತ್ತು ದಾಟಿತ್ತು, ಕಿವಿ ದೊಡ್ಡವು, ಕೈ ದೊಡ್ಡವು, ಉಳಿದದ್ದೆಲ್ಲ ಸಣಕಲು. ಬಂದವರ ಮುಖ ನೋಡುವ ಮೊದಲು ಅವರು ಚೀಲವನ್ನು ನೋಡಿದರು.

“ಯಜಮಾನ್ರೇ,” ಎಂದರು ಸಾಹೇಬರು. ಅಂದು ಮಾರುಕಟ್ಟೆಯಲ್ಲಿ ಏಕವಚನದಲ್ಲಿ ಮಾತಾಡಿಸಿದ್ದು ಅವರಿಗೆ ಈಗ ನೆನಪಾಯಿತು. ಕಾರ್ಡನ್ನು ಚಾಚಿದರು.

ಮುದುಕರು ಕನ್ನಡಕ ಹಾಕಿಕೊಂಡು ಓದಿದರು. ತಾರೀಖಿನ ಮೇಲೆ ಬೆರಳಿಟ್ಟರು. “ಇದು ಆರು ವರ್ಷದ ಹಿಂದಿಂದು.”

“ಹೌದು.”

“ಆಗಲೇ ಗೊತ್ತಿತ್ತು ನಿಮಗೆ.”

“ಅಳತೆ ಸರಿ ಅಂತ ಗೊತ್ತಿತ್ತು. ಯಾರದು ಅಂತ ಗೊತ್ತಿರಲಿಲ್ಲ.”

“ಕೇಳಿದ್ರೆ ಗೊತ್ತಾಗ್ತಿತ್ತು,” ಎಂದರು ಮುದುಕರು. ದನಿಯಲ್ಲಿ ಕೋಪವಿರಲಿಲ್ಲ, ಹಾಲು ಖಾಲಿಯಾಗಿದೆ ಎಂದು ಹೇಳುವಾಗ ಅಂಗಡಿಯವರ ದನಿ ಇರುತ್ತದಲ್ಲ, ಹಾಗಿತ್ತು. ಕಾರ್ಡನ್ನು ಹಿಂದಕ್ಕೆ ಕೊಟ್ಟರು. “ಕಾಗದ ಬೇಡ. ಅಳೀರಿ.”

ಸಾಹೇಬರು ಮೇಜಿನ ಮೇಲಿದ್ದ ಬಟ್ಟೆ ಸರಿಸಿದರು. ಮಗಳು ಬಕೆಟ್ಟಿನಲ್ಲಿ ನೀರು ತಂದಳು. ಹೂಜಿಗೆ ಗೆರೆಯವರೆಗೆ ನೀರು ತುಂಬಿ, ಗಾಜಿಗೆ ಸುರಿದು, ಮಂಡಿ ಊರಿ ಕೂತು ಕಣ್ಣನ್ನು ಮಟ್ಟಕ್ಕೆ ಇಳಿಸಿದರು. ಪಕ್ಕದಲ್ಲಿ ಉಸಿರು ಕೇಳಿಸಿತು. ಮುದುಕರೂ ಗೋಡೆ ಹಿಡಿದು ಎದ್ದು ಬಂದು ಬಗ್ಗಿ ನೋಡುತ್ತಿದ್ದರು.

“ಅರ್ಧ ಲೀಟರು,” ಎಂದರು ಸಾಹೇಬರು. “ಸರಿಯಾಗಿ ಅರ್ಧ.”

ಮುದುಕರು ನೀರನ್ನು ನೋಡಿದರು, ಗಾಜನ್ನು ನೋಡಿದರು, ಸಾಹೇಬರನ್ನು ನೋಡಿದರು. “ಇನ್ನೊಂದ್ಸಲ.”

ಸಾಹೇಬರು ಇನ್ನೊಮ್ಮೆ ಅಳೆದರು. ಅಷ್ಟೇ ಬಂತು.

“ಈ ಗಾಜಿಗೆ ಮುದ್ರೆ ಇದೆಯಾ?”

ಬಾಗಿಲ ಹತ್ತಿರ ನಿಂತಿದ್ದ ಮಗಳು, “ಅಪ್ಪಾ,” ಎಂದಳು. ಮುದುಕರು ಅವಳ ಕಡೆ ತಿರುಗಲಿಲ್ಲ. ಸಾಹೇಬರು ಗಾಜನ್ನು ಎತ್ತಿ ಬುಡ ನೋಡಿದರು. ನೋಡುವ ಅಗತ್ಯವೇ ಇರಲಿಲ್ಲ. ನಿವೃತ್ತಿಯ ದಿನ ಸಹೋದ್ಯೋಗಿಗಳು ಕೊಟ್ಟ ಉಡುಗೊರೆ ಅದು.

“ಇದೆ. ಆದ್ರೆ ಅವಧಿ ಮುಗಿದು ಐದು ವರ್ಷ ಆಯ್ತು. ರೂಲಿನ ಪ್ರಕಾರ ಇದು ಅಳತೆನೇ ಅಲ್ಲ.”

“ಮತ್ತೆ ಯಾಕೆ ಇಟ್ಕೊಂಡಿದ್ದೀರಿ?”

“ಸರಿ ಇದೆ ಅಂತ ನನಗೆ ಗೊತ್ತು.”

ಮುದುಕರು ನಿಧಾನವಾಗಿ ತಲೆಯಾಡಿಸಿದರು. “ಹ್ಞಾಂ,” ಎಂದರು. “ನನಗೂ ಹಾಗೇ ಗೊತ್ತಿತ್ತು.”

ಸಾಹೇಬರು ಗಾಜನ್ನು ಕೆಳಗಿಟ್ಟು ಏಳಹೋದರು. ಮೇಜಿನ ಕಾಲು ಹಿಡಿದುಕೊಂಡರು. ಆಗ ಅಳೆಯಬೇಕಾಗಿತ್ತು ಎಂಬ ಮಾತು ಬಾಯಿಯವರೆಗೆ ಬಂತು. ಆಡಿದರೋ ಇಲ್ಲವೋ ಅವರಿಗೇ ತಿಳಿಯಲಿಲ್ಲ; ಹೊರಗೆ ರೈಲೊಂದು ಸೇತುವೆಯ ಮೇಲೆ ಹೋಗುತ್ತಿತ್ತು. ಮಗಳು ಬಂದು ತೋಳು ಹಿಡಿದು ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಿದಳು. “ಅಪ್ಪ ಹೀಗೇ,” ಎಂದಳು. ಯಾರ ಪರವಾಗಿ ಹೇಳಿದಳೆಂದು ಗೊತ್ತಾಗಲಿಲ್ಲ.

ಮುದುಕರು ಹೂಜಿಯನ್ನು ತಮ್ಮ ಕಡೆ ಎಳೆದುಕೊಂಡರು. ಹೊಸ ನೀರು ತುಂಬಿದರು. ದೊಡ್ಡ ಕೈ ಹಿಡಿಯನ್ನು ಸುತ್ತಿ ಹಿಡಿಯಿತು. ಹೆಬ್ಬೆರಳು ತಾನಾಗಿ ಮುಚ್ಚಳವನ್ನು ಎತ್ತಿತು. ಗೂಡಿನಲ್ಲಿದ್ದ ಒಂದು ದೊಡ್ಡ ಲೋಟವನ್ನು ಎಡಗೈಯಲ್ಲಿ ಹಿಡಿದು, ಹೂಜಿಯನ್ನು ಮೊಳದಷ್ಟು ಮೇಲಕ್ಕೆತ್ತಿ ಧಾರೆ ಬಿಟ್ಟರು. ಕೊನೆಯಲ್ಲಿ ಮಣಿಕಟ್ಟನ್ನು ಚಕ್ಕನೆ ತಿರುಗಿಸಿ ಧಾರೆಯನ್ನು ತುಂಡರಿಸಿದರು; ಒಂದು ಹನಿಯೂ ಚೆಲ್ಲಲಿಲ್ಲ. ಮಗಳು ಒರೆಸುವ ಬಟ್ಟೆ ಹಿಡಿದು ಮುಂದೆ ಬಂದವಳು ಅಲ್ಲೇ ನಿಂತಳು.

“ತಗೊಳ್ಳಿ,” ಎಂದರು ಮುದುಕರು, ಲೋಟ ಚಾಚಿ.

ಸಾಹೇಬರು ಎರಡೂ ಕೈಯಲ್ಲಿ ತೆಗೆದುಕೊಂಡರು. ಲಾಂಡ್ರಿಯ ಬಿಸಿಗೆ ನೀರು ಬೆಚ್ಚಗಾಗಿತ್ತು. ಅರ್ಧ ಕುಡಿದು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. ಯಾರೂ ಅವಸರಿಸಲಿಲ್ಲ. ಮತ್ತೆ ಲೋಟವನ್ನು ತುಟಿಗೆ ಎತ್ತಿದರು. ಮುದುಕರು ತಮ್ಮ ಜಾಗಕ್ಕೆ ಮರಳಿ, ಹೂಜಿಯನ್ನು ಮಡಿಲಲ್ಲಿಟ್ಟುಕೊಂಡು, ಅವರ ಗಂಟಲು ಏರಿ ಇಳಿಯುವುದನ್ನೇ ನೋಡುತ್ತ, ಲೋಟ ಖಾಲಿಯಾಗುವವರೆಗೂ ಕೂತಿದ್ದರು.